ಇರಾಕಿನ ಕಾರ್ಮಿಕ ಸಂಘಗಳೂ ಪರಸೇನೆಯೂ

ವಿದೇಶೀ ಸೇನೆಯೊಂದು ಒಂದು ನಾಡಿನಲ್ಲಿ ಬೀಡುಬಿಟ್ಟಾಗ ಅದನ್ನು ಎದುರಿಸುವವರು ಬಂದೂಕು ಹಿಡಿದವರು ಮಾತ್ರವೆಂದೂ, ಇರಾಕಿನ ಮಟ್ಟಿಗಂತೂ ಆ ಬಂದೂಕಿನ ಹಿಂದೆ ಮತಪಂಥದ ಆವೇಶವಲ್ಲದೆ ಬೇರೇನೂ ಇರಲಿಲ್ಲವೆಂದೂ ಬಗೆಯುವುದು ಈಚೆಗೆ ವಿದ್ವಾಂಸರಲ್ಲಿಯೂ ರೂಢಿಯಾಗಿದೆ. ಆ ನಾಡಿನ ರೈಲ್ವೆ, ಬಂದರು, ತೈಲಾಗಾರಗಳ ದುಡಿಮೆಗಾರರ ಚರಿತ್ರೆಯನ್ನು ಬಹುಕಾಲದಿಂದ ಅಭ್ಯಸಿಸುತ್ತ ಬಂದ ನನ್ನಂಥವರಿಗೆ ಇದು ಅರ್ಧಸತ್ಯವೆಂದೂ ತೋರದು.

ಆದಿಘಟ್ಟವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಬ್ರಿಟಿಷರ ಅಧಿಕಾರವಿನ್ನೂ ನಡೆಯುತ್ತಿದ್ದ 1929ರಲ್ಲಿ ಬಾಗ್ದಾದಿನ ರೈಲ್ವೆ ಕೆಲಸಗಾರರಾದ ಮಹಮ್ಮದ್ ಸಾಲಿಹ್ ಅಲ್-ಕಜ್ಜಾಜರು ಕುಶಲಕರ್ಮಿಗಳ ಸಂಘವನ್ನು ಕಟ್ಟಿದರು. 1931ರಲ್ಲಿ ಮುಷ್ಕರ ನಡೆಯಿತು. 1933ರಲ್ಲಿ ಬ್ರಿಟಿಷ್ ಒಡೆತನದ ವಿದ್ಯುತ್ ಕಂಪನಿಗೆ ಬಹಿಷ್ಕಾರ ಬಿದ್ದಿತು. 1946ರಲ್ಲಿ ಕಿರ್ಕುಕ್ಕಿನ ತೈಲ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. 1948ರಲ್ಲಿ ಹದೀಸಾದ ತೈಲ ಪಂಪು ಕೇಂದ್ರದ ಮುಷ್ಕರಗಾರರು ಬಾಗ್ದಾದಿನತ್ತ ಕಾಲ್ನಡಿಗೆಯಲ್ಲಿ ಹೊರಟು ಫಲ್ಲೂಜಾದಲ್ಲಿ ಬಂಧಿತರಾದರು. ಈ ಕಾಲವನ್ನು ಕುರಿತು ಹನ್ನಾ ಬಟಾಟು 1978ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಅನತಿಕ್ರಮಣೀಯ. ಆದರೆ ಅದರಲ್ಲಿ ಸಂಘವು ಬಹುಮಟ್ಟಿಗೆ ಕಮ್ಯುನಿಸ್ಟ್ ಪಕ್ಷದ ಅಂಗವಾಗಿಯೇ ಕಾಣುತ್ತದೆ, ಆ ದೃಷ್ಟಿಯೇ ಮುಂದಿನವರಿಗೂ ಅಂಟಿಕೊಂಡಿತು.

1987ರಲ್ಲಿ ಸದ್ದಾಂ ಹುಸೇನನ ಸರ್ಕಾರವು ಸಾರ್ವಜನಿಕ ಉದ್ಯಮಗಳಲ್ಲಿ ಸಂಘ ಕಟ್ಟುವ ಹಕ್ಕನ್ನೇ ಕಿತ್ತುಕೊಂಡಿತು. 2003ರಲ್ಲಿ ಆತನನ್ನು ಉರುಳಿಸಿದ ಅಮೆರಿಕನ್ನರೂ ಬ್ರಿಟಿಷರೂ ಆತನ ಅನೇಕ ವಿಧಿಗಳನ್ನು ರದ್ದುಪಡಿಸಿದರೂ ಈ ಒಂದನ್ನು ಜೋಪಾನವಾಗಿ ಉಳಿಸಿಕೊಂಡರೆಂಬುದು, ವಿಮೋಚನೆಯ ಸ್ವರೂಪವನ್ನು ಕುರಿತ ಅನೇಕ ದಪ್ಪ ಪುಸ್ತಕಗಳಿಗಿಂತ ಹೆಚ್ಚು ಬೋಧಪ್ರದವಾದ ಸಂಗತಿ.

ನಮ್ಮ ಕಾಲದ ನಿಜವಾದ ಕಥೆ ಬಸ್ರಾದ್ದು. ಹಸನ್ ಜುಮಾ ಅವಾದರ ನಾಯಕತ್ವದಲ್ಲಿ ತೈಲ ಕಾರ್ಮಿಕರು, ಕಾನೂನಿನ ಅನುಮತಿಗೆ ಕಾಯದೆ, ಸಂಘವನ್ನು ಕಟ್ಟಿಕೊಂಡರು. ಸಂಬಳ ಬಾರದಿದ್ದಾಗ ಸಂಸ್ಕರಣಾಗಾರದ ಕಾರ್ಮಿಕರು ಕ್ರೇನೊಂದನ್ನು ದಾರಿಗೆ ಅಡ್ಡ ನಿಲ್ಲಿಸಿ, ಇಂಧನ ತುಂಬಿದ ಟ್ಯಾಂಕರುಗಳು ಹೊರಗೆ ಹೋಗದಂತೆ ಮಾಡಿದರು. ಬ್ರಿಟಿಷ್ ಸೈನಿಕರು ಬಂದು ನಿಂತರೂ ಕದಲಲಿಲ್ಲ. 2003ರ ಸೆಪ್ಟೆಂಬರಿನಲ್ಲಿ ಆಕ್ರಮಣ ಆಡಳಿತವು ತನ್ನ 30ನೆಯ ಆಜ್ಞೆಯ ಮೂಲಕ ಕನಿಷ್ಠ ಮಾಸಿಕ ವೇತನವನ್ನು 69,000 ದಿನಾರಿಗೆ ನಿಗದಿಪಡಿಸಿ, ಆಹಾರ ಮತ್ತು ವಸತಿಯ ಭತ್ಯೆಗಳನ್ನು ಕತ್ತರಿಸಿದಾಗ, ಸಂಘವು ತನ್ನದೇ ವೇತನಪಟ್ಟಿಯನ್ನು ರಚಿಸಿ ಮುಷ್ಕರದ ಬೆದರಿಕೆಯೊಡ್ಡಿ ಕನಿಷ್ಠ ವೇತನವನ್ನು 102,000ಕ್ಕೆ ಏರಿಸಿಕೊಂಡಿತು. ಸೇನೆ ತೊಲಗಲಿ ಎಂಬ ಬೇಡಿಕೆಯೂ ತೈಲವು ಪರರ ಕಂಪನಿಗಳ ಪಾಲಾಗಬಾರದೆಂಬ ಹಟವೂ ಈ ಸಂಬಳದ ಜಗಳದಿಂದಲೇ ಬೆಳೆದುವೆಂಬುದನ್ನು ಕಾಣದವರು, ಸಂಘದ ಪತ್ರಗಳನ್ನು ಬಿಟ್ಟು ದೂತಾವಾಸಗಳ ವರದಿಗಳನ್ನು ಓದಿದವರು.

ಸಂಘಗಳೆಲ್ಲ ಏಕಮತದವಾಗಿದ್ದುವೆಂದಲ್ಲ. ಆಕ್ರಮಣ ಆಡಳಿತವು ನೇಮಿಸಿದ ಇರಾಕಿ ಆಡಳಿತ ಮಂಡಳಿಯಲ್ಲಿ ಪಾಲುಗೊಂಡ ಕಮ್ಯುನಿಸ್ಟ್ ಪಕ್ಷಕ್ಕೆ ಸಮೀಪವಾಗಿದ್ದ ಒಕ್ಕೂಟವು ಹೆಚ್ಚು ಮಿತಭಾಷಿಯಾಗಿತ್ತು. ಆದರೂ 2003ರ ಡಿಸೆಂಬರಿನಲ್ಲಿ ಅಮೆರಿಕದ ಸೈನಿಕರು ಅದರ ಬಾಗ್ದಾದಿನ ಕಚೇರಿಗೇ ನುಗ್ಗಿ ಕಾರ್ಯಕರ್ತರನ್ನು ಹಿಡಿದೊಯ್ದರು. 2005ರಲ್ಲಿ ಹೊಸ ಸರ್ಕಾರವು 8750ನೆಯ ಆಜ್ಞೆಯಿಂದ ಸಂಘಗಳ ಹಣವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 2007ರ ಜೂನಿನಲ್ಲಿ ಬಸ್ರಾದ ಕೊಳವೆಮಾರ್ಗದ ಕಾರ್ಮಿಕರು ಮುಷ್ಕರ ಹೂಡಿದಾಗ ಪ್ರಧಾನಿ ಮಾಲಿಕಿ ಸೇನೆಯನ್ನು ಕಳಿಸಿ ಮುಖಂಡರ ಬಂಧನಕ್ಕೆ ವಾರಂಟು ಹೊರಡಿಸಿದರು, ಬಳಿಕ ಮಾತುಕತೆಗೆ ಕುಳಿತರು. ಮರುವರ್ಷ ಮೇ 1ರಂದು ಅಮೆರಿಕದ ಪಶ್ಚಿಮ ತೀರದ 29 ಬಂದರುಗಳ ಕಾರ್ಮಿಕರು ಯುದ್ಧವನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ಅದೇ ದಿನ ಇರಾಕಿನ ಬಂದರು ಕಾರ್ಮಿಕರೂ ಒಂದು ಗಂಟೆ ಕೈಕಟ್ಟಿ ನಿಂತರು. ವಿದ್ಯುತ್ ಕಾರ್ಮಿಕರ ಅಧ್ಯಕ್ಷೆ ಹಾಶ್ಮೆಯ ಮುಹ್ಸಿನರ ಸಂಘದ ಕಚೇರಿಗಳನ್ನು 2010ರಲ್ಲಿ ಮುಚ್ಚಿಸಲಾಯಿತು. ಆಕೆಯನ್ನು ಕುರಿತು ನಮ್ಮ ಸಮೀಕ್ಷೆಗಳು ಒಂದೆರಡು ವಾಕ್ಯಗಳಲ್ಲಿ ತೃಪ್ತವಾಗುತ್ತವೆ, ಇದೂ ಅದಕ್ಕೆ ಹೊರತಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸೇನಾ ಶಿಬಿರಗಳಲ್ಲಿ ಅಡುಗೆ, ಬಟ್ಟೆ ಒಗೆತ, ಲಾರಿ ಚಾಲನೆಗಳನ್ನು ನಡೆಸಿದವರಲ್ಲಿ ನೇಪಾಳ, ಭಾರತ, ಫಿಲಿಪೈನ್ಸುಗಳಿಂದ ಬಂದ ಗುತ್ತಿಗೆಯ ಆಳುಗಳು ಬಹಳ ಮಂದಿ. ನಿರುದ್ಯೋಗದಿಂದ ಬೆಂದ ಬಸ್ರಾದ ಸಂಘವು ಅವರ ಬದಲು ಊರವರಿಗೆ ಕೆಲಸ ಕೊಡಿರೆಂದು ಕೇಳಿದ್ದು ನ್ಯಾಯವೇ. 2004ರಲ್ಲಿ ಅಪಹೃತರಾಗಿ ಹತರಾದ 12 ಮಂದಿ ನೇಪಾಳಿಗಳೂ, ಒತ್ತೆಯಾಳುಗಳಾಗಿದ್ದು ಬಿಡುಗಡೆಹೊಂದಿದ ಮೂವರು ಭಾರತೀಯ ಚಾಲಕರೂ ಕೆಲವು ದಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡರು, ಕಾರ್ಮಿಕ ಚರಿತ್ರೆಯೊಳಗೆ ಬರಲಿಲ್ಲ. ಅವರಂಥವರ ಪಾಸ್‌ಪೋರ್ಟುಗಳನ್ನು ಗುತ್ತಿಗೆದಾರರು ಕಿತ್ತಿಟ್ಟುಕೊಂಡಿದ್ದರು; ಅವನ್ನು ಹಿಂದಿರುಗಿಸಬೇಕೆಂಬ ಆಜ್ಞೆ 2006ರಲ್ಲಿ ಹೊರಟಿತು, ಹೊರಡಿಸಿದ್ದು ಅಮೆರಿಕದ ಸೇನೆ.