ಅರೆಅಂಚಿನ ಕಾಡತೂಸು ಮತ್ತು ಹೊಸ ಪಿಸ್ತೂಲು: .32 ಬೋರಿನ ಅಡಚಣೆಗಳ ಕಾರಣವಿಚಾರ

ಹೊಸ ಅರೆಸ್ವಯಂಚಾಲಿತ ಪಿಸ್ತೂಲು ನಡುವೆ ಕಚ್ಚಿಕೊಂಡು ನಿಂತರೆ ಬಲ್ಲವರಿಂದ ಸಿಗುವ ಮೊದಲ ಸಲಹೆ, ಇನ್ನೂರು ಗುಂಡು ಹಾರಿಸಿ, ತಾನೇ ಪಳಗುತ್ತದೆ ಎಂಬುದು. ಕಾಡತೂಸು ಪೆಟ್ಟಿಗೆಗಟ್ಟಲೆ ಸಿಗುವ ನಾಡಿಗೆ ಈ ಮಾತು ಸರಿಹೋಗಬಹುದು. ಭಾರತದಲ್ಲಿ 9×19 ಮಿ.ಮೀ. ನಿಷೇಧಿತ ಬೋರು, ಸಾಮಾನ್ಯ ಪರವಾನಗಿದಾರರ ಕೈಗೆ ಬರುವ ಪಿಸ್ತೂಲು ಬಹುಮಟ್ಟಿಗೆ .32 ಬೋರಿನದು. ಅದಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದೆಂಬುದೂ ಪರವಾನಗಿಯಲ್ಲೇ ನಮೂದಾಗಿರುತ್ತದೆ. ಹಾರಿಸಿ ನೋಡುವುದು ಇಲ್ಲಿ ದುಬಾರಿ. ನೋಡಿ ತಿಳಿಯುವುದೇ ಉಳಿದ ದಾರಿ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಹಾರಿಸಿದರೂ ಪಳಗದ ಅಡಚಣೆಯೊಂದು .32ರಲ್ಲಿದೆ. ಅದರ ಮೂಲ ಪಿಸ್ತೂಲಿನ ಹೊಸತನದಲ್ಲಲ್ಲ, ಕಾಡತೂಸಿನ ಆಕಾರದಲ್ಲಿದೆ.

ಜಾನ್ ಮೋಸೆಸ್ ಬ್ರೌನಿಂಗ್ ಈ ಕಾಡತೂಸನ್ನು ರೂಪಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ 1900ರ ಮಾದರಿಯ ಪಿಸ್ತೂಲಿನೊಂದಿಗೆ ಅದು ಜಗತ್ತಿಗೆ ಹರಡಿತು. ರಿವಾಲ್ವರಿನ ಕಾಡತೂಸಿಗೆ ಬುಡದಲ್ಲಿ ಅಗಲವಾದ ಅಂಚಿರುತ್ತದೆ. ಅದು ಚೇಂಬರಿನ ಬಾಯಿಗೆ ತಾಗಿ ಕಾಡತೂಸನ್ನು ಸರಿಯಾದ ಆಳದಲ್ಲಿ ನಿಲ್ಲಿಸುತ್ತದೆ. ಬ್ರೌನಿಂಗ್ ಆ ಅಂಚನ್ನು ತೆಗೆದುಹಾಕಲಿಲ್ಲ, ಕಿರಿದು ಮಾಡಿದ; ಅದಕ್ಕೇ ಇದು ಅರೆಅಂಚಿನ ಕಾಡತೂಸು. .32ರ ಕೇಸು ಬುಡದಲ್ಲಿ ಸುಮಾರು 8.5 ಮಿ.ಮೀ. ಅಗಲ, ಅಂಚು ಸುಮಾರು 9.1 ಮಿ.ಮೀ. ಪ್ರತಿ ಬದಿಗೂ ಹೊರಚಾಚಿದ್ದು ಕಾಲು ಮಿಲಿಮೀಟರಿನ ಆಸುಪಾಸು. 1905ರ .45 ಮತ್ತು 1908ರ .380 ಕಾಡತೂಸುಗಳಲ್ಲಿ ಈ ಚಾಚು ಇಲ್ಲ. ಅವು ಕೇಸಿನ ಬಾಯಿಯ ಆಧಾರದ ಮೇಲೆ ಚೇಂಬರಿನಲ್ಲಿ ನಿಲ್ಲುತ್ತವೆ. .32 ಮಾತ್ರ ತನ್ನ ಹಳೆಯ ಅಂಚನ್ನು ಹೊತ್ತುಕೊಂಡೇ ಇಪ್ಪತ್ತೊಂದನೆಯ ಶತಮಾನಕ್ಕೆ ಬಂದಿದೆ.

ಮ್ಯಾಗಜೀನಿನಲ್ಲಿ ಕಾಡತೂಸುಗಳು ಒಂದರ ಮೇಲೊಂದು ಕೂರುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಆಗ ಸ್ಲೈಡ್ ಮೇಲಿನದನ್ನು ತಡೆಯಿಲ್ಲದೆ ಮುಂದಕ್ಕೆ ತಳ್ಳುತ್ತದೆ. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಜಿಗಿಯುತ್ತದೆ. ಒಳಗಿನ ಕಾಡತೂಸುಗಳು ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತವೆ, ಅಂದರೆ ಮ್ಯಾಗಜೀನಿನೊಳಗೆ ಮುಂದಕ್ಕೆ ಸರಿಯುತ್ತವೆ. ಮುಂದೆ ಜಾಗವಿಲ್ಲದಿದ್ದರೆ ತೊಂದರೆಯಿಲ್ಲ. ಈ ಕಾಡತೂಸಿನ ಗರಿಷ್ಠ ಉದ್ದ ಸುಮಾರು 25 ಮಿ.ಮೀ.; ದುಂಡುಮೂತಿಯ ಗುಂಡು ಆ ಅಳತೆಯ ಹತ್ತಿರವೇ ಇರುತ್ತದೆ. ಟೊಳ್ಳುಮೂತಿಯ ಕೆಲವು ಗುಂಡುಗಳಾದರೋ ಒಂದು ಮಿಲಿಮೀಟರಿಗೂ ಹೆಚ್ಚು ಗಿಡ್ಡ. ಆ ತೆರವಿನಲ್ಲಿ ಕೆಳಗಿನ ಕಾಡತೂಸು ಮುಂದೆ ಸರಿದರೆ ಮೇಲಿನದರ ಅಂಚು ಅದರ ಹಿಂದಕ್ಕೆ ಬಿದ್ದು ಕೊಕ್ಕೆ ಹಾಕಿಕೊಳ್ಳುತ್ತದೆ. ಸ್ಲೈಡ್ ತಳ್ಳಿದಷ್ಟೂ ಬಿಗಿ ಹೆಚ್ಚು. ಬಲ್ಲವರು ಇದನ್ನು ರಿಮ್‌ಲಾಕ್ ಎನ್ನುತ್ತಾರೆ.

ಇದನ್ನು ಉಳಿದ ಅಡಚಣೆಗಳಿಂದ ಬೇರ್ಪಡಿಸುವ ಗುರುತು ಸ್ಪಷ್ಟ. ಸರಿಯಾಗಿ ತುಂಬಿದ ಮ್ಯಾಗಜೀನಿನ ಮೊದಲ ಗುಂಡಿಗೆ ಏನೂ ಆಗುವುದಿಲ್ಲ. ಒಂದೆರಡು ಹಾರಿದ ಮೇಲೆ ಕಚ್ಚುತ್ತದೆ. ಮ್ಯಾಗಜೀನಿನ ಬುಡ ತಟ್ಟಿ ಸ್ಲೈಡ್ ಎಳೆದುಬಿಡುವ ರೂಢಿಯ ಉಪಾಯ ಕೆಲಸ ಮಾಡುವುದಿಲ್ಲ. ಮ್ಯಾಗಜೀನು ಹೊರತೆಗೆದರೂ ಮೇಲಿನ ಕಾಡತೂಸು ಬೆರಳಿಗೆ ಜಾರುವುದಿಲ್ಲ. ಹಾಗಲ್ಲದೆ ಗುಂಡಿನ ಮೂತಿ ಚೇಂಬರಿನ ಕೆಳಗಿನ ಇಳಿಜಾರಿಗೆ ತಾಗಿ ನಿಂತಿದ್ದರೆ ಮ್ಯಾಗಜೀನಿನ ತುಟಿಗಳು, ಗುಂಡಿನ ಆಕಾರ, ಇಳಿಜಾರಿನ ಒರಟುತನ ಇವುಗಳತ್ತ ನೋಡಬೇಕು. ಸ್ಲೈಡ್ ಕಾಡತೂಸನ್ನು ಮುಟ್ಟದೆ ಮೇಲಿಂದಲೇ ಹಾದು ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಂಡರೆ ಮ್ಯಾಗಜೀನಿನ ಸ್ಪ್ರಿಂಗ್ ಸೋತಿದೆ, ಮ್ಯಾಗಜೀನು ಸರಿಯಾಗಿ ಕೂತಿಲ್ಲ, ಇಲ್ಲವೇ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡರೆ ಹಿಡಿತ ಸಡಿಲವೋ ಮದ್ದು ದುರ್ಬಲವೋ ಎಂದು ಕೇಳಬೇಕು. ಇಲ್ಲಿ ಖಾಲಿ ಕೇಸನ್ನು ಚೇಂಬರಿನಿಂದ ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರನ್ನು ಅವಸರದಲ್ಲಿ ದೂರುವವರಿದ್ದಾರೆ. .32ರ ಬಹುತೇಕ ಪಿಸ್ತೂಲುಗಳಲ್ಲಿ ಖಾಲಿ ಕೇಸನ್ನು ಹಿಂದಕ್ಕೆ ನೂಕುವುದು ಅನಿಲದ ಒತ್ತಡವೇ. ಬೆರೆಟ್ಟಾದ ಟಾಮ್‌ಕ್ಯಾಟ್ ಎಂಬ .32 ಪಿಸ್ತೂಲಿಗೆ ಎಕ್ಸ್‌ಟ್ರಾಕ್ಟರೇ ಇಲ್ಲ.

ಹಾಗಾದರೆ ಪಳಗುವುದೆಂಬುದು ಬರೀ ಸುಳ್ಳೇ? ಅಲ್ಲ. ಕಾರ್ಖಾನೆಯಿಂದ ಬಂದ ಪಿಸ್ತೂಲಿನಲ್ಲಿ ತುಕ್ಕು ತಡೆಯಲು ಹಚ್ಚಿದ ಗ್ರೀಸ್ ಗಟ್ಟಿಯಾಗಿರಬಹುದು, ಸ್ಪ್ರಿಂಗ್ ಬಿಗಿಯಾಗಿರಬಹುದು, ಸ್ಲೈಡಿನ ಹಳಿಗಳಲ್ಲಿ ಸಣ್ಣ ಮುಳ್ಳುಗಳಿರಬಹುದು. ಆದರೆ ಇವುಗಳಲ್ಲಿ ಮೊದಲನೆಯದು ಬಟ್ಟೆ, ಬ್ರಷ್‌ಗಳಿಂದ ಹೋಗುತ್ತದೆ, ಗುಂಡೇಕೆ? 1911ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ನಡೆಸಿದ ಪರೀಕ್ಷೆಯಲ್ಲಿ ಬ್ರೌನಿಂಗನ .45 ಪಿಸ್ತೂಲು 6,000 ಗುಂಡುಗಳನ್ನು ಒಮ್ಮೆಯೂ ಅಡ್ಡಿಯಿಲ್ಲದೆ ಹಾರಿಸಿತೆಂದು ದಾಖಲೆಯಿದೆ. ಪ್ರತಿಸ್ಪರ್ಧಿ ಸ್ಯಾವೇಜ್ ಪಿಸ್ತೂಲು 37 ಸಲ ಅಡಚಣೆಗೆ ಸಿಕ್ಕಿತು. ಆರಿಸಿ ತಂದ ಪಿಸ್ತೂಲು, ಆರಿಸಿದ ಮದ್ದು ನಿಜ. ಆದರೂ ಒಳ್ಳೆಯ ಪಿಸ್ತೂಲು ಮೊದಲ ನೂರು ಗುಂಡುಗಳಲ್ಲಿ ಮುಗ್ಗರಿಸಲೇಬೇಕೆಂಬ ನಿಯಮವಿಲ್ಲ ಎಂಬಷ್ಟಕ್ಕೆ ಅದು ಸಾಕ್ಷಿ.

ಪಿಸ್ತೂಲಿಗಿಂತ ಕೈಯೇ ಕಾರಣವಾದ ಉದಾಹರಣೆಯೂ ಇದೆ. ಅಮೆರಿಕದ ಸೈನ್ಯಕ್ಕೆ ಆಗ ಹೊಸದಾಗಿದ್ದ ಎಕ್ಸ್‌ಎಂ17 ಪಿಸ್ತೂಲಿನ ಬಗ್ಗೆ ಅಲ್ಲಿನ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗವು 2017ನೇ ಆರ್ಥಿಕ ವರ್ಷದ ವರದಿಯಲ್ಲಿ ಹೇಳಿದ ಪ್ರಕಾರ, ಸಾಮಾನ್ಯ ಗುಂಡಿನೊಂದಿಗೆ ಕಂಡ ಅಡಚಣೆಗಳಲ್ಲಿ ಶೇಕಡಾ 60ರಷ್ಟು ಒಂದೇ ಬಗೆಯವು: ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆ ನಿಲ್ಲುತ್ತಿರಲಿಲ್ಲ. ಎತ್ತರದ ಹಿಡಿತದಲ್ಲಿ ಸೈನಿಕರ ಹೆಬ್ಬೆರಳು ಸ್ಲೈಡ್ ತಡೆಯುವ ಸನ್ನೆಯ ಮೇಲೆಯೇ ಕೂರುತ್ತಿತ್ತು.

ಆದ್ದರಿಂದ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮ್ಯಾಗಜೀನುಗಳಿಗೆ ಅಂಕಿ ಬರೆದಿಟ್ಟು ಅಡಚಣೆ ಯಾವುದರಲ್ಲಿ, ಎಷ್ಟನೆಯ ಗುಂಡಿನಲ್ಲಿ, ಯಾವ ಪೆಟ್ಟಿಗೆಯ ಕಾಡತೂಸಿನಲ್ಲಿ ಎಂದು ದಾಖಲಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಡಚಣೆ ಮ್ಯಾಗಜೀನನ್ನು ಹಿಂಬಾಲಿಸಿದರೆ ಪಿಸ್ತೂಲು ನಿರ್ದೋಷಿ. ಉದ್ದನೆಯ ದುಂಡುಮೂತಿಯ ಗುಂಡಿಗೆ ಬದಲಿಸಿದಾಗ ನಿಂತುಹೋದರೆ ರಿಮ್‌ಲಾಕನ್ನೇ ಶಂಕಿಸಬೇಕು. ಬೇರೊಬ್ಬ ಅನುಭವಿಯ ಕೈಯಲ್ಲಿ ನಿಂತರೆ ಹಿಡಿತವನ್ನು ಪರಿಶೀಲಿಸಬೇಕು. ಇದೆಲ್ಲ ನಡೆಯಬೇಕಾದ್ದು ರೇಂಜಿನಲ್ಲಿ, ನಳಿಗೆ ಗುರಿಯತ್ತಲೇ ಇರುವಾಗ, ಬೆರಳು ಕುದುರೆಯಿಂದ (ಟ್ರಿಗರಿನಿಂದ) ಹೊರಗಿರುವಾಗ. ಮ್ಯಾಗಜೀನು ಮೊದಲು ಹೊರಗೆ, ಆಮೇಲೆ ಚೇಂಬರಿನ ತಪಾಸಣೆ. ಗುಂಡಿನ ಸದ್ದು ಎಂದಿನಂತಿರದೆ ಮೆತ್ತಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲೇ ಉಳಿದಿರಬಹುದು.

ರಿಮ್‌ಲಾಕಿಗೆ ಪರಿಹಾರ ಎರಡು: ಪೂರ್ಣ ಉದ್ದದ ಕಾಡತೂಸು, ಇಲ್ಲವೇ ಮ್ಯಾಗಜೀನಿನೊಳಗೆ ಹೆಚ್ಚುವರಿ ಜಾಗ ಮುಚ್ಚುವ ತಗಡು ಅಥವಾ ತಂತಿ. ಮೊದಲನೆಯದು ಎಲ್ಲ ಪಿಸ್ತೂಲಿಗೂ ಒದಗದು: ಅಮೆರಿಕದ ಸೀಕ್ಯಾಂಪ್ ಎಂಬ ಪುಟ್ಟ .32 ಪಿಸ್ತೂಲನ್ನು ಟೊಳ್ಳುಮೂತಿಯ ಗಿಡ್ಡ ಗುಂಡಿಗೆಂದೇ ರೂಪಿಸಿದ್ದರಿಂದ ಅದರ ಮ್ಯಾಗಜೀನಿನಲ್ಲಿ ದುಂಡುಮೂತಿಯ ಉದ್ದ ಗುಂಡು ಹಿಡಿಸುವುದೇ ಇಲ್ಲ. ಇಳಿಜಾರನ್ನು ಮನೆಯಲ್ಲೇ ಅರದಿಂದ ಉಜ್ಜುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅಲ್ಲಿ ಸವೆಸಿದ ಲೋಹ ಕೇಸಿನ ಬುಡಕ್ಕೆ ಆಸರೆಯಾಗಿದ್ದದ್ದು. ಅದು ಹೋದರೆ ಕೇಸು ಒಡೆಯುವ ಅಪಾಯವಿದೆ. ಪರವಾನಗಿ ಪಡೆದ ದುರಸ್ತಿಗಾರನಿಗೆ ಪಿಸ್ತೂಲಿನೊಂದಿಗೆ ಅದೇ ಮ್ಯಾಗಜೀನು, ಆ ಕಾಡತೂಸಿನ ಪೆಟ್ಟಿಗೆಯ ವಿವರ ಮತ್ತು ಬರೆದಿಟ್ಟ ಪಟ್ಟಿಯನ್ನು ಒಟ್ಟಿಗೆ ಕೊಡಬೇಕು. ಬರಿಯ ಪಿಸ್ತೂಲು ಕೊಟ್ಟರೆ ಅವನ ಮೇಜಿನ ಮೇಲೆ ಅದು ಒಮ್ಮೆಯೂ ಕಚ್ಚದಿರಬಹುದು.