ಹಳೆಯ ಲೇತ್ ಮೆಷಿನ್ ಖರೀದಿ: 'ಓಡಿಸಿ ನೋಡಿಲ್ಲ' ಎಂದರೆ ಕೊಳ್ಳಬಹುದೇ? ಪರೀಕ್ಷಿಸುವುದು ಹೇಗೆ?

ಮುಚ್ಚಿದ ವರ್ಕ್‌ಶಾಪ್‌ನ ಮೂಲೆಯಲ್ಲಿ ಧೂಳು ಹಿಡಿದ ಲೇತ್. ಬೆಲೆ ಕಡಿಮೆ. ಆದರೆ ಕರೆಂಟ್ ಇಲ್ಲ, ಓಡಿಸಿ ತೋರಿಸಲು ಆಗದು, ಇದ್ದ ಹಾಗೆಯೇ ಒಯ್ಯಿರಿ ಎನ್ನುತ್ತಾರೆ ಮಾರುವವರು. ಪುಣೆ, ಮುಂಬೈ, ಚೆನ್ನೈನಂತಹ ನಗರಗಳಲ್ಲಿ ಸಣ್ಣ ವರ್ಕ್‌ಶಾಪ್ ಆರಂಭಿಸುವವರಿಗೆ ಇಂತಹ ಆಫರ್ ಎದುರಾಗುವುದುಂಟು. ಕೂಡಿಟ್ಟ ಹಣ ಹಾಕುವ ಮುನ್ನ ಏನೇನು ನೋಡಬೇಕು? ಮಾಹಿತಿ ಇಲ್ಲಿದೆ.

ಹಳೆಯ ಲೇತ್‌ಗೆ ಬೇಡಿಕೆ ಏಕೆ?

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮತ್ತು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಲೇತ್‌ಗಳಿಗೆ ಇಂದಿಗೂ ಹೆಸರಿದೆ. ಇವುಗಳ ಭಾರವಾದ ಎರಕದ ಕಬ್ಬಿಣದ ಬೆಡ್ ಕಂಪನವನ್ನು ತಡೆಯುತ್ತದೆ. ಆದರೆ ಮೈಸೂರು ಕಿರ್ಲೋಸ್ಕರ್ ಈಗಿಲ್ಲ. ಹೀಗಾಗಿ ಅದರ ಬಿಡಿಭಾಗಗಳನ್ನು ಹಳೆ ಮೆಷಿನ್ ಮಾರುಕಟ್ಟೆಯಲ್ಲಿ ಹುಡುಕಬೇಕು ಅಥವಾ ಮಾಡಿಸಿಕೊಳ್ಳಬೇಕು.

ಮೋಟರ್‌ಗಿಂತ ಬೆಡ್ ಮುಖ್ಯ

ಮೋಟರ್ ಸುಟ್ಟಿದ್ದರೆ ರಿವೈಂಡಿಂಗ್ ಮಾಡಿಸಬಹುದು. ಬೆಡ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಲು ಇಡೀ ಮೆಷಿನ್ ಬಿಚ್ಚಬೇಕು, ಆ ಖರ್ಚು ಕೆಲವೊಮ್ಮೆ ಮೆಷಿನ್ ಬೆಲೆಯನ್ನೂ ಮೀರಬಹುದು. ಸಮಾಧಾನದ ಸಂಗತಿ ಎಂದರೆ, ಮುಖ್ಯ ದೋಷಗಳನ್ನು ಕರೆಂಟ್ ಇಲ್ಲದೆಯೇ ಕಂಡುಹಿಡಿಯಬಹುದು.

* ಬೆಡ್: ಸಾಮಾನ್ಯವಾಗಿ ಚಕ್ ಬಳಿ ಹೆಚ್ಚು ಸವೆಯುತ್ತದೆ. ಅಲ್ಲಿ ಕ್ಯಾರೇಜ್ ಲಾಕನ್ನು ಸ್ವಲ್ಪ ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ಸರಿಸಿ. ಮುಂದೆ ಹೋದಂತೆ ಸಿಕ್ಕಿಕೊಂಡರೆ ಬೆಡ್ ಸವೆದಿದೆ ಎಂದರ್ಥ.
* ಸ್ಪಿಂಡಲ್: ಗೇರ್ ನ್ಯೂಟ್ರಲ್‌ನಲ್ಲಿಟ್ಟು ಚಕ್ ಅನ್ನು ಕೈಯಿಂದ ತಿರುಗಿಸಿ. ತಡೆತಡೆದು ತಿರುಗಬಾರದು. ನಂತರ ಡಯಲ್ ಗೇಜ್ ಇಟ್ಟು ಚಕ್ ಅನ್ನು ಮೇಲಕ್ಕೆತ್ತಿ ನೋಡಿ. ಮುಳ್ಳು 0.1 ಮಿ.ಮೀ.ನಷ್ಟು ಅಲುಗಿದರೆ ಬೇರಿಂಗ್ ಖರ್ಚು ಖಚಿತ.
* ಗೇರ್‌ಬಾಕ್ಸ್: ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಹಲ್ಲುಗಳನ್ನು ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ.
* ಲೀಡ್ ಸ್ಕ್ರೂ: ಚಕ್ ಬಳಿಯ ಎಳೆಗಳು ತೆಳುವಾಗಿದ್ದರೆ ಥ್ರೆಡ್ ಕತ್ತರಿಸುವ ಕೆಲಸ ನಿಖರವಾಗಿ ಬಾರದು.
* ಹೊಸ ಪೇಂಟ್: ಬಿರುಕು, ವೆಲ್ಡಿಂಗ್ ಗುರುತು ಅದರ ಕೆಳಗೆ ಅಡಗಿರಬಹುದು.

ಕರೆಂಟ್ ಕೊಡುವ ಮುನ್ನ

ವರ್ಷಗಟ್ಟಲೆ ನಿಂತ ಮೆಷಿನ್‌ಗೆ ನೇರವಾಗಿ ಕರೆಂಟ್ ಕೊಡಬಾರದು. ಮೊದಲು ಆಯಿಲ್ ಹಾಕಿ, ಎಲೆಕ್ಟ್ರಿಷಿಯನ್‌ನಿಂದ ಮೆಗ್ಗರ್ ಮೂಲಕ ಮೋಟರ್ ಪರೀಕ್ಷೆ ಮಾಡಿಸಿ, ಅರ್ಥಿಂಗ್ ಇದೆಯೇ ನೋಡಿ. ಬಹುತೇಕ ಇಂಥ ಲೇತ್‌ಗಳಿಗೆ 415 ವೋಲ್ಟ್ ತ್ರೀ ಫೇಸ್ ಬೇಕು. ನಿಮ್ಮ ಜಾಗದಲ್ಲಿ 230 ವೋಲ್ಟ್ ಸಿಂಗಲ್ ಫೇಸ್ ಮಾತ್ರ ಇದ್ದರೆ ಹೊಸ ಕನೆಕ್ಷನ್ ಅಥವಾ ಬೇರೆ ಮೋಟರ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಬೆಲೆ ಹೇಗೆ ನಿರ್ಧರಿಸಬೇಕು?

ಮೋಟರ್ ಕೆಟ್ಟಿದೆ ಎಂದುಕೊಂಡೇ ಲೆಕ್ಕ ಹಾಕಿ. ಅದರ ರಿಪೇರಿ, ಕ್ರೇನ್, ಸಾಗಾಟ, ಇಲ್ಲದ ಚಕ್ ಅಥವಾ ಚೇಂಜ್ ಗೇರ್‌ಗಳ ಖರ್ಚನ್ನು, ಅದೇ ಮಾದರಿಯ ಓಡುವ ಮೆಷಿನ್ ಬೆಲೆಯಿಂದ ಕಳೆಯಿರಿ. ಉಳಿದದ್ದಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ಲಾಭ. ಬೆಡ್ ಸವೆದಿದ್ದರೆ ಗುಜರಿ ಬೆಲೆಗಿಂತ ಹೆಚ್ಚು ಕೊಡಬೇಡಿ. ಚಕ್ ಅನ್ನು ಕೈಯಿಂದ ತಿರುಗಿಸಲೂ ಮಾರುವವರು ಬಿಡದಿದ್ದರೆ, ಎಷ್ಟೇ ಅಗ್ಗವಾದರೂ ಆ ಮೆಷಿನ್ ಬಿಟ್ಟು ಬರುವುದೇ ಒಳ್ಳೆಯದು.