ಬೈಕುಲ್ಲಾದಲ್ಲಿ ಮೊಳೆತ ಖಭೌತ ವಿಜ್ಞಾನ

ಬೈಕುಲ್ಲಾ ಎಂದರೆ ಮುಂಬಯಿಯವರಿಗೆ ಮೊದಲು ನೆನಪಾಗುವುದು ರಾಣಿಬಾಗ್, ಅದರ ಪ್ರಾಣಿಗಳು, ಪಕ್ಕದ ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯ. ಆ ಉದ್ಯಾನದ ಎದುರಿಗೆ ಒಂದು ಕಾಲಕ್ಕೆ ಎಲ್ಫಿನ್‌ಸ್ಟನ್ ಕಾಲೇಜು ಇತ್ತು. ಪಾರ್ಸಿ ದಾನಿ ಸರ್ ಕಾವಸ್‌ಜಿ ಜಹಾಂಗೀರ್ ರೆಡಿಮನಿಯವರ ನೆರವಿನಿಂದ ಎದ್ದ ಕಟ್ಟಡಕ್ಕೆ ಕಾಲೇಜು ಬಂದದ್ದು 1871ರಲ್ಲಿ. 1880ರ ದಶಕದ ಕೊನೆಗೆ ಅದು ಕಾಲಾಘೋಡಾಕ್ಕೆ ಹೊರಟುಹೋಯಿತು. ನಡುವಿನ ಆ ಕೆಲವೇ ವರ್ಷಗಳಲ್ಲಿ, ಗಿರಣಿಗಳ ಹೊಗೆ ಹಬ್ಬುತ್ತಿದ್ದ ಈ ಬಡಾವಣೆಯಲ್ಲಿ, ಭಾರತೀಯನೊಬ್ಬ ಭೌತಶಾಸ್ತ್ರವನ್ನು ಪಾಠದ ಕೋಣೆಯಿಂದಾಚೆಗೆ ಕೊಂಡೊಯ್ಯಲು ಹೊರಟ.

ಈ ಕಥೆ ಕನ್ನಡಿಗರಿಗೆ ದೂರದ್ದಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಲ್ಲಿಯವರೆಗೆ ಪದವಿ ಬೇಕೆಂದ ಉತ್ತರ ಕರ್ನಾಟಕದ ಹುಡುಗ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಿತ್ತು.

ಹಾಗೆ ಬಂದವನಿಗೆ ಸಿಗುತ್ತಿದ್ದದ್ದಾದರೂ ಏನು? 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಲಂಡನ್ ಮಾದರಿಯಲ್ಲಿ ಪರೀಕ್ಷೆ ನಡೆಸುತ್ತಿತ್ತು, ಪದವಿ ಕೊಡುತ್ತಿತ್ತು. ಪಾಠ ಕಾಲೇಜುಗಳ ಹೊಣೆ. ಎಂ.ಎ. ಎಂದರೆ ಓದು ಮತ್ತು ಪರೀಕ್ಷೆ. ಹೊಸದನ್ನು ಹುಡುಕುವುದು ವಿದ್ಯಾರ್ಥಿಯ ಕೆಲಸವಾಗಲಿ, ಅಧ್ಯಾಪಕನ ಕೆಲಸವಾಗಲಿ ಆಗಿರಲಿಲ್ಲ.

ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ ಹುಟ್ಟಿದವರು ಕಾವಸ್‌ಜಿ ದಾದಾಭಾಯಿ ನೇಗಮವಾಲಾ. ಎಲ್ಫಿನ್‌ಸ್ಟನ್‌ನಲ್ಲೇ ಓದಿ, 1878ರಲ್ಲಿ ಭೌತ ಮತ್ತು ರಸಾಯನಶಾಸ್ತ್ರಗಳಲ್ಲಿ ಎಂ.ಎ. ಮಾಡಿ, ಕುಲಾಧಿಪತಿಗಳ ಚಿನ್ನದ ಪದಕ ಪಡೆದರು. 1882ರಲ್ಲಿ ಅದೇ ಕಾಲೇಜಿನಲ್ಲಿ ಪ್ರಾಯೋಗಿಕ ಭೌತಶಾಸ್ತ್ರದ ಉಪನ್ಯಾಸಕರಾದರು. ಅವರ ಆಸಕ್ತಿಯೆಲ್ಲ ರೋಹಿತದರ್ಶನದಲ್ಲಿತ್ತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಗೆರೆಗಳಿಂದ ಉರಿಯುವ ವಸ್ತು ಯಾವುದೆಂದು ಹೇಳುವ ಈ ವಿದ್ಯೆಯನ್ನು ಕಿರ್ಖಾಫ್ ಮತ್ತು ಬುನ್ಸೆನ್ ರೂಪಿಸಿ ಆಗ ಎರಡು ದಶಕ ಕಳೆದಿತ್ತಷ್ಟೆ. ಅದರ ಒಂದು ದೊಡ್ಡ ಗೆಲುವು ಕನ್ನಡ ನೆಲದಲ್ಲೇ ಆಗಿತ್ತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ದಿನ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ರೋಹಿತದರ್ಶಕ ಹಿಡಿದು ನಿಂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದ ಅನಿಲವೆಂದು ಖಚಿತವಾಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಂಡದ್ದೂ ಇದನ್ನೇ. ಈ ಮೂವರೂ ಯುರೋಪಿಯನ್ನರು.

ನೇಗಮವಾಲಾ ಉಪನ್ಯಾಸಕರಾದ ವರ್ಷವೇ ಭಾವನಗರದ ಮಹಾರಾಜ ತಖ್ತಸಿಂಹಜಿ ಕಾಲೇಜಿಗೆ ಬಂದರು. ರೋಹಿತದರ್ಶನದ ಪ್ರಯೋಗಶಾಲೆಗೆಂದು 5000 ರೂಪಾಯಿ ಕೊಟ್ಟರು. ಸರ್ಕಾರವೂ ಅಷ್ಟೇ ಸೇರಿಸಿತು. ಉಪಕರಣ ಕೊಳ್ಳಲು ನೇಗಮವಾಲಾ 1884ರಲ್ಲಿ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ರಾಜ ಖಗೋಳಜ್ಞರು, ಪ್ರಯೋಗಶಾಲೆಯ ಬದಲು ವೀಕ್ಷಣಾಲಯವನ್ನೇ ಕಟ್ಟಿರೆಂದು ಸಲಹೆ ಕೊಟ್ಟರು. ವೀಕ್ಷಣಾಲಯಕ್ಕೆ ಪುಣೆಯೇ ಮೇಲೆನಿಸಿ, ಈ ಒಂದು ಮಾತಿನಿಂದ ಬೈಕುಲ್ಲಾದ ಯೋಜನೆ ಬೈಕುಲ್ಲಾದಿಂದ ಹೊರಬಿತ್ತು. ಮಹಾರಾಜ ತಖ್ತಸಿಂಹಜಿ ವೀಕ್ಷಣಾಲಯ 1888ರಲ್ಲಿ ಸಿದ್ಧವಾದದ್ದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ, ಅಂದರೆ ಮುಂದೆ ಎಂಜಿನಿಯರಿಂಗ್ ಕಾಲೇಜು ಎನಿಸಿದ ಸಂಸ್ಥೆಯಲ್ಲಿ. ಡಬ್ಲಿನ್‌ನ ಗ್ರಬ್ ಕಂಪನಿ ಮಾಡಿದ ಅದರ 20 ಇಂಚಿನ ದೂರದರ್ಶಕ ಮುಂದೆ ಹಲವು ದಶಕ ದೇಶದಲ್ಲೇ ದೊಡ್ಡದೆನಿಸಿತ್ತು.

ನೇಗಮವಾಲಾ ಸುಮ್ಮನೆ ಆಕಾಶ ನೋಡಿ ಕೂತವರಲ್ಲ. ಮಹಾವ್ಯಾಧ ನಿಹಾರಿಕೆಯ ಮುಖ್ಯ ರೋಹಿತ ರೇಖೆ ಮೆಗ್ನೀಸಿಯಂನದು ಎಂಬುದು ಇಂಗ್ಲೆಂಡಿನ ಪ್ರಭಾವಿ ವಿಜ್ಞಾನಿ ನಾರ್ಮನ್ ಲಾಕಿಯರ್ ಅವರ ವಾದ. ಆ ರೇಖೆ ಚೂಪಾಗಿದೆ, ಮೆಗ್ನೀಸಿಯಂನ ಪಟ್ಟಿಯ ಅಂಚಿನಂತಿಲ್ಲ ಎಂದು ನೇಗಮವಾಲಾ 1891ರಲ್ಲಿ ಪ್ರಕಟಿಸಿದರು. ವಸಾಹತಿನ ಕಾಲೇಜಿನ ಅಧ್ಯಾಪಕನೊಬ್ಬ ತನ್ನ ಅಳತೆಯನ್ನೇ ನಂಬಿ ಲಂಡನ್‌ಗೆ ಎದುರಾಡಿದ್ದು ಸಣ್ಣ ಮಾತಲ್ಲ. 1898ರ ಜನವರಿ 22ರ ಗ್ರಹಣಕ್ಕೆ ಅವರು ಸೊಲ್ಲಾಪುರ ಸೀಮೆಯ ಜೇಊರ್‌ನಲ್ಲಿ ಬಿಡಾರ ಹೂಡಿದರು. ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಕೂಡ ಅದೇ ಊರಿಗೆ ಬಂದಿದ್ದರು.

1912ರಲ್ಲಿ ನೇಗಮವಾಲಾ ನಿವೃತ್ತರಾದರು. ವೀಕ್ಷಣಾಲಯದ ಬಾಗಿಲೂ ಮುಚ್ಚಿತು. ಉಪಕರಣಗಳು ಕೊಡೈಕೆನಾಲ್‌ಗೆ ಹೋದವು. ಈ ಇತಿಹಾಸದಲ್ಲಿ ಮನಸ್ಸಿಗೆ ಚುಚ್ಚುವ ಸಂಗತಿ ಇದೇ. ಹಣವಿತ್ತು, ದೂರದರ್ಶಕವಿತ್ತು, ಸಮರ್ಥ ಮನುಷ್ಯನಿದ್ದ. ಅವರ ಕೈಕೆಳಗೆ ಪಳಗಿ ಆ ಜಾಗದಲ್ಲಿ ಕೂರಬಲ್ಲ ಎರಡನೆಯವನಿಗೆ ಮಾತ್ರ ಹುದ್ದೆ ಇರಲಿಲ್ಲ. ಸಂಶೋಧನೆ ಒಬ್ಬರ ಹಟವಾಗಿತ್ತೇ ಹೊರತು ಸಂಸ್ಥೆಯ ಕೆಲಸವಾಗಿರಲಿಲ್ಲ.

ಎಲ್ಫಿನ್‌ಸ್ಟನ್ ಹೋದ ಮೇಲೆ ಬೈಕುಲ್ಲಾಕ್ಕೆ ಉಳಿದದ್ದು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಗಿರಣಿಗಳಿಗೆ ಬೇಕಾದ ತಂತ್ರಜ್ಞರನ್ನು ತಯಾರಿಸುತ್ತಿದ್ದ ಅದೂ 1923ರಲ್ಲಿ ಮಾಟುಂಗಾ ಸೇರಿತು. 1920ರಲ್ಲಿ ಕೋಟೆ ಪ್ರದೇಶದಲ್ಲಿ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ತೆರೆದಿತ್ತು. 1945ರಲ್ಲಿ ಹೋಮಿ ಭಾಭಾ ಬೆಂಗಳೂರಿನಲ್ಲಿ ಶುರುಮಾಡಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಅದೇ ವರ್ಷ ಮುಂಬಯಿಗೆ ತಂದರು.

ನೇಗಮವಾಲಾಗೆ ದಕ್ಕದೆ ಹೋದದ್ದು ಇಲ್ಲಿ ದಕ್ಕಿತು. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್ಸಿ. ಮುಗಿಸಿ 1948ರಲ್ಲಿ ಸಂಸ್ಥೆ ಸೇರಿದ ಬಿ.ವಿ. ಶ್ರೀಕಂಠನ್ ಅವರನ್ನು ಭಾಭಾ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ವಿಶ್ವಕಿರಣದ ಮ್ಯೂಆನ್ ಕಣಗಳು ನೆಲದಾಳಕ್ಕೆ ಎಷ್ಟು ಇಳಿಯುತ್ತವೆ ಎಂದು ಅಳೆಯುವುದು ಕೆಲಸ. ಅದು ಅವರೊಬ್ಬರಿಗೇ ನಿಲ್ಲಲಿಲ್ಲ. ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ ಮೊದಲಾದವರು ಕೈಜೋಡಿಸಿದರು. ಜಪಾನಿನ ಒಸಾಕಾದಿಂದ, ಇಂಗ್ಲೆಂಡಿನ ಡರ್ಹಮ್‌ನಿಂದ ತಂಡಗಳು ಬಂದು ಸೇರಿದವು. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅವರ ಉಪಕರಣಗಳಿಗೆ ಸಿಕ್ಕಿತು. ಮುಂದೆ 1975ರಲ್ಲಿ ಶ್ರೀಕಂಠನ್ ಮುಂಬಯಿಯ ಆ ಸಂಸ್ಥೆಯ ನಿರ್ದೇಶಕರಾದರು. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದವರೆಗೂ ನಡೆದವು.